ಮಗಳ ಕೈಯ ನೀರು

"ಸ್ವೆಟರ್ ಹಾಕ್ಕೋ, ಅಲ್ಲಿ ಭಯಂಕರ ಚಳಿ ಉಂಟಂತೆ" ಎಂದು ಗಂಡ ಹುಸೈನ್ ಮತ್ತೊಮ್ಮೆ ಹೇಳಿದಾಗ ಮೈಮೂನಾ ಎದ್ದಳು. ಬೇಡ ಎನ್ನುವುದಕ್ಕೂ ಮೈಯಲ್ಲಿ ಶಕ್ತಿ ಬೇಕು, ಅವಳಲ್ಲಿ ಅದಿರಲಿಲ್ಲ. ತಾಯಿ ತೀರಿಕೊಂಡ ವಾರದಲ್ಲೇ ಯಾರಾದರೂ ಹಿಮ ನೋಡಲು ಹೋಗುತ್ತಾರೆಯೇ? ಆದರೆ ದುಃಖಕ್ಕೆ ಮೂರು ದಿನ ಎಂದು ಧರ್ಮದಲ್ಲಿ ಹೇಳಿದೆ, ಆ ಮೂರೂ ಮುಗಿದಿದ್ದವು. ಜಬಲ್ ಜೈಸ್ ಬೆಟ್ಟದ ಮೇಲೆ ಹಿಮ ಬಿದ್ದ ವಿಡಿಯೋ ಬೆಳಗಾಗುವಷ್ಟರಲ್ಲಿ ದುಬೈಯ ದೇರಾದ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ನಬೀಲ್ ಮತ್ತು ಮನಾಲ್ ಬೂಟು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ದುಬೈಯಲ್ಲೇ ಹುಟ್ಟಿದ ಮಕ್ಕಳು. ಅವರಿಗೆ ಹಿಮವೆಂದರೆ ಮಾಲ್‌ನೊಳಗೆ ಟಿಕೆಟ್ ತೆಗೆದುಕೊಂಡು ನೋಡುವ ವಸ್ತು.

ಹುಸೈನ್ ಕೆಟ್ಟವನಲ್ಲ. ವಾರವಿಡೀ ಅಂಗಡಿಯಲ್ಲಿ ನಿಂತು ಸವೆದ ಮನುಷ್ಯ, ಸಿಕ್ಕ ಒಂದು ರಜೆಯಲ್ಲಿ ಕಾಲು ಚಾಚಿ ಮಲಗಬಹುದಿತ್ತು. ಆದರೆ ಅಳುವವರನ್ನು ಕಂಡರೆ ಅವನಿಗೆ ಗೊತ್ತಿದ್ದ ಮದ್ದು ಒಂದೇ, ಕಾರು ಹತ್ತಿಸುವುದು. ದಾರಿಯುದ್ದಕ್ಕೂ ಆಕಳಿಸುತ್ತ, ನಡುನಡುವೆ ಅವಳ ಮುಖ ನೋಡುತ್ತ ಓಡಿಸಿದ.

ಮೈಮೂನಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಭಟ್ಕಳದಿಂದ ಅಣ್ಣ ಝಹೀರ್ ಫೋನ್ ಮಾಡಿದ್ದು ಬೆಳಗಿನ ನಮಾಜಿನ ಹೊತ್ತಿಗೆ. ಮಧ್ಯಾಹ್ನದ ನಮಾಜಾದ ಕೂಡಲೇ ದಫನ ಎಂದಿದ್ದ. ಮಯ್ಯತ್ತನ್ನು ಮಣ್ಣು ಮಾಡದೆ ಕಾಯಿಸಬಾರದು, ನಿನಗೆ ಗೊತ್ತಲ್ಲ ಎಂದಿದ್ದ. ಗೊತ್ತಿತ್ತು. ಮಂಗಳೂರಿಗೆ ಸಿಗುವ ಮೊದಲ ವಿಮಾನ ಇಳಿಯುವುದೇ ಸಂಜೆಗೆ ಎನ್ನುವುದೂ ಗೊತ್ತಿತ್ತು. ಕಳೆದ ರಜೆಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಅಮ್ಮ ನಗುನಗುತ್ತಲೇ ಹೇಳಿದ್ದರು: "ನಾನು ಸತ್ತರೆ ನೀನೇ ಮೀಯಿಸಬೇಕು ಮಗಾ, ಬೇರೆಯವರ ಕೈಗೆ ಕೊಡಬೇಡ." ಇವಳು ಹೂಂ ಎಂದಿದ್ದಳು. ಕೊನೆಗೆ ಮೀಯಿಸಿದ್ದು ಪಕ್ಕದ ಮನೆಯ ಬೀಪಾತುಮ್ಮ. ಕೊಟ್ಟ ಮಾತು ತಪ್ಪಿತು ಎನ್ನುವ ಸಂಕಟ ಮೂರು ದಿನ ಮುಗಿದರೂ ಮುಗಿದಿರಲಿಲ್ಲ.

ಬೆಟ್ಟದ ಅರ್ಧ ದಾರಿಯಲ್ಲೇ ಪೊಲೀಸರು ಕಾರುಗಳನ್ನು ತಡೆದರು. ಮೇಲೆ ರಸ್ತೆ ಜಾರುತ್ತದೆ, ಖಲಾಸ್. ಬಂದವರೆಲ್ಲ ಅಲ್ಲೇ ಬದಿಗೆ ಕಾರು ನಿಲ್ಲಿಸಿ, ಬಂಡೆಯ ನೆರಳಲ್ಲಿ ಕರಗದೆ ಉಳಿದಿದ್ದ ಹಿಮ ಮತ್ತು ಆಲಿಕಲ್ಲಿನ ಗುಡ್ಡೆಗಳ ಮೇಲೆ ಮುಗಿಬಿದ್ದಿದ್ದರು. ಮಕ್ಕಳೂ ಒಂದು ಗುಡ್ಡೆ ಹಿಡಿದರು.

"ಅಬ್ಬ, ಸ್ನೋಮ್ಯಾನ್ ಮಾಡ್ಲಾ?" ಎಂದು ಮನಾಲ್ ಅಪ್ಪನನ್ನು ಕೂಗಿದಳು.

"ಮಾಡು. ಕಣ್ಣು ಮೂಗು ಇಡಬೇಡ. ಜೀವ ಇದ್ದದ್ದರ ರೂಪ ಮಾಡಬಾರದು."

"ದೆನ್ ಇಟ್ಸ್ ಜಸ್ಟ್ ಅ ಲಂಪ್!"

"ಲಂಪೇ ಆಗಲಿ ಮಾರಾಯ್ತಿ."

ಹುಸೈನ್ ಹೋಗಿ ಎರಡು ಕಪ್ ಕರಕ್ ಚಹಾ ತಂದ. ಒಂದನ್ನು ಹೆಂಡತಿಯ ಕೈಗೆ ಕೊಟ್ಟು, ಏನಾದರೂ ಹೇಳಬೇಕಲ್ಲ ಎಂದು ಹೇಳಿದ: "ಇಷ್ಟು ಕೊರಗಬೇಡ. ಇಲ್ಲಿ ಮಸೀದಿಯಲ್ಲಿ ಊರಿನವರೆಲ್ಲ ಸೇರಿ ನಿನ್ನ ಅಮ್ಮನಿಗಾಗಿ ಜನಾಝಾ ನಮಾಜು ಮಾಡಿದೆವಲ್ಲ."

"ದುಆದಲ್ಲಿ ಎಂತ ಕೇಳಿದಿರಿ?"

"ಎಲ್ಲರಿಗೂ ಕೇಳುವುದೇ. ಕ್ಷಮಿಸು ಅಂತ. ಮತ್ತೆ..." ಅವನು ಎದುರಿನ ಬಿಳಿ ಗುಡ್ಡೆಯನ್ನು ನೋಡಿ ತಡವರಿಸಿದ. ಇಷ್ಟು ವರ್ಷ ಎಷ್ಟೋ ಜನರ ಜನಾಝಾದಲ್ಲಿ ನಿಂತು ಹೇಳಿದ ಮಾತು, ಅದರ ಅರ್ಥ ಕಣ್ಣೆದುರು ಬಿದ್ದುಕೊಂಡಿದ್ದು ಇವತ್ತೇ. "ಅವರನ್ನು ನೀರಿನಿಂದ, ಹಿಮದಿಂದ, ಆಲಿಕಲ್ಲಿನಿಂದ ತೊಳೆ ಅಂತ."

ಮೈಮೂನಾ ಕಪ್ಪನ್ನು ಬಂಡೆಯ ಮೇಲಿಟ್ಟಳು. "ನೀವು ದುಆ ಮಾಡಿದಿರಿ. ಅಣ್ಣ ಮಣ್ಣು ಹಾಕಿದ. ಬೀಪಾತುಮ್ಮ ಮೀಯಿಸಿದಳು. ಹೊಟ್ಟೆಯಲ್ಲಿ ಹುಟ್ಟಿದ ನಾನು ಎಂತ ಮಾಡಿದೆ ಹೇಳಿ? ಫೋನ್ ಹಿಡ್ಕೊಂಡು ಕೂತೆ."

ಹುಸೈನ್ ಚಹಾ ಕುಡಿದ.

ಅಷ್ಟರಲ್ಲಿ ಮನಾಲ್ ಬಂದು ತಾಯಿಯ ಸ್ವೆಟರ್ ಎಳೆದಳು. "ಮಮ್ಮಾ, ನಿಲ್ಲಿಸಿದ್ರೆ ನಿಲ್ತಾನೇ ಇಲ್ಲ. ಬಿತ್ತು. ಸೋ ಡರ್ಟಿ!"

ಮೈಮೂನಾ ಹೋಗಿ ನೋಡಿದಳು. ಮಕ್ಕಳು ಒಟ್ಟಿದ ಹಿಮ ಉದ್ದಕ್ಕೆ ಮಲಗಿಕೊಂಡಿತ್ತು, ಮುಖವಿಲ್ಲದ ತಲೆ ಒಂದು ಬದಿಗೆ ವಾಲಿತ್ತು. ಮೈಯೆಲ್ಲ ಬೆಟ್ಟದ ಕೆಂಪು ಮಣ್ಣು. ಅವಳು ಮಂಡಿಯೂರಿ ಕೂತಳು, ಸ್ವೆಟರಿನ ತೋಳು ಮಡಚಿಕೊಂಡಳು. ಎಡಗೈಯನ್ನು ತಲೆಯ ಅಡಿಗಿಟ್ಟು ಮೆಲ್ಲಗೆ ನೇರ ಮಾಡಿದಳು. ಬಲಗೈಯಲ್ಲಿ ಬಿಳಿ ಹಿಮ ತೆಗೆದುಕೊಂಡು ಮೊದಲು ಬಲ ಭುಜ ಉಜ್ಜಿದಳು, ಆಮೇಲೆ ಎಡ ಭುಜ. ಎಲ್ಲಿ ನೋವಾದೀತೋ ಎನ್ನುವ ಹಾಗೆ ಹಗುರಾಗಿ ಉಜ್ಜುತ್ತಿದ್ದಳು. ಬೆರಳುಗಳು ಕೆಂಪಾದವು, ತುಟಿ ಅಲುಗುತ್ತಿತ್ತು. ಮೊದಲು ನಗುತ್ತಿದ್ದ ಮನಾಲ್ ತಾಯಿಯ ಮುಖ ನೋಡಿ ನಗು ನಿಲ್ಲಿಸಿದಳು. ಬಂಡೆಯ ಹಿಂದೆ ಹೋಗಿ ಬೊಗಸೆ ತುಂಬ ಶುಭ್ರ ಹಿಮ ತಂದು ಕೊಟ್ಟಳು, ಮತ್ತೆ ಹೋಗಿ ತಂದಳು.

ಹುಸೈನ್ ಕಪ್ ಹಿಡಿದು ನಿಂತೇ ಇದ್ದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಪ್ಪನ್ನು ಕೆಳಗಿಟ್ಟ. ನಬೀಲ್ ಫೋನ್ ಎತ್ತಿ ವಿಡಿಯೋ ಮಾಡಲು ಆ ಕಡೆ ಓಡುತ್ತಿದ್ದ. ಹುಸೈನ್ ಅವನ ಭುಜ ಹಿಡಿದು ನಿಲ್ಲಿಸಿ, ಕಣಿವೆಯ ಕಡೆ ತಿರುಗಿಸಿದ.

"ಎಂತಾಯ್ತು ಅಬ್ಬ?"

"ಅಲ್ಲಿ ನಿನ್ನ ನಾನಿಯನ್ನು ಮೀಯಿಸ್ತಾ ಇದ್ದಾರೆ. ಗಂಡಸರು ನೋಡಬಾರದು" ಎಂದ ಹುಸೈನ್, ತಾನೂ ಬೆನ್ನು ತಿರುಗಿಸಿ ನಿಂತ.