ಮೊದಲ ಪ್ರಶ್ನೆ

"ಬಾಗಿಲು ಕತ್ತರಿಸೋದು ಆಮೇಲೆ. ಮೊದಲು ಕತ್ತು ಅಲುಗದ ಹಾಗೆ ಹಿಡ್ಕೊಂಡು, ಕಾಲು ಆಡ್ತಿದ್ಯಾ ಅಂತ ಕೇಳಿ." ಬೋರಲಿಂಗಯ್ಯ ಗುಜರಿ ಕಾರಿನ ಮೇಲೆ ಕೈಯಿಟ್ಟು ಹೇಳಿದ. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹೊಸ ತಂಡ ಬರೆದುಕೊಳ್ಳುತ್ತಿತ್ತು. "ಒಳಗೆ ಆಡ್ತಿದ್ದ ಕಾಲು ಹೊರಗೆ ತಂದ ಮೇಲೆ ಆಡ್ಲಿಲ್ಲ ಅಂದ್ರೆ, ಅದನ್ನ ಅಪಘಾತದ ತಲೆಗೆ ಕಟ್ಟೋ ಹಾಗಿಲ್ಲ. ನಮ್ಮ ಕೈಯೇ ಮಾಡಿದ್ದು."

ಹನ್ನೊಂದು ವರ್ಷದ ಹಿಂದೆ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅಪಘಾತದಲ್ಲಿ ನಜ್ಜುಗುಜ್ಜಾದ ಒಂದು ಕಾರಿನ ಸುತ್ತ ನೆರೆದ ಜನ "ಎಳೀರಿ, ಎಳೀರಿ" ಎಂದು ಕೂಗಿದ್ದರು. ಅವನು ಒಳಗೆ ಸಿಕ್ಕಿಕೊಂಡಿದ್ದವರ ಕಂಕುಳಿಗೆ ಕೈಹಾಕಿ ಎಳೆದಿದ್ದ.

ಅಂದು ಆ ಕಾರಿನಲ್ಲಿದ್ದ ಫಿಲೋಮಿನಾ ಟೀಚರ್ ಮಧ್ಯಾಹ್ನದ ಸಮಾರಂಭಕ್ಕೆ ಗಾಲಿಕುರ್ಚಿಯಲ್ಲಿ ಮುಖ್ಯ ಅತಿಥಿಯಾಗಿ ಬಂದರು. ಪ್ರತಿ ವರ್ಷದಂತೆ ಅವನಿಗೆ ಹಾರ ಹಾಕಿ, "ಇವ್ರು ನನ್ನ ಪಾಲಿನ ದೇವ್ರು ಕಣ್ರಪ್ಪಾ" ಎಂದರು. ಪ್ರತಿ ವರ್ಷದಂತೆ ಅವನು ತಲೆ ತಗ್ಗಿಸಿದ. ಎಷ್ಟು ವಿನಯ ಎಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ತಾನೇ ಕಲಿಸುವ ಆ ಮೊದಲ ಪ್ರಶ್ನೆಯನ್ನು ಟೀಚರಿಗೆ ಕೇಳುವ ಧೈರ್ಯ ಅವನಿಗೆ ಇವತ್ತಿಗೂ ಬಂದಿರಲಿಲ್ಲ.

ತಂಡದಲ್ಲಿದ್ದ ಆಂಬುಲೆನ್ಸ್ ನರ್ಸ್ ಒಬ್ಬಳು ಬೆಳಗಿನ ಪಾಠ ನೆನೆದು ಎದ್ದುನಿಂತಳು.

"ಮೇಡಂ, ಕಾರೊಳಗೆ ಇದ್ದಾಗ ನಿಮ್ಮ ಕಾಲು ಆಡ್ತಿತ್ತಾ?"

ಬೋರಲಿಂಗಯ್ಯ ಕೊರಳಿನ ಹಾರವನ್ನು ಬಿಗಿಯಾಗಿ ಹಿಡಿದುಕೊಂಡ.

"ಆಡ್ದೆ ಏನಮ್ಮಾ?" ಟೀಚರ್ ನಕ್ಕರು. "ಕಾರು ಎಲ್ಲಿ ಹಳ್ಳಕ್ಕೆ ಜಾರಿಬಿಡುತ್ತೋ ಅಂತ, ಸಾರ್ ಬಂದು ಎಳೆಯೋವರೆಗೂ ಬ್ರೇಕ್ ತುಳ್ಕೊಂಡೇ ಇದ್ದೆ."