ಒಲೆಗೆ ಹಾಕಿದ ಹೆಬ್ಬೆಟ್ಟುಗಳು

ನೆನೆಸಿದ ಬೀಡಿ ಎಲೆಯ ವಾಸನೆ ಬಂದರೆ ಈಗಲೂ ಬಂಟ್ವಾಳದ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಕಮ್ಯುನಿಸ್ಟರು ಬಡವರಿಗೆ ಅನ್ನ ತೋರಿಸಿ ದೇವರನ್ನು ಕಸಿಯುತ್ತಾರೆ, ಅವರ ಕಾಗದ ಮನೆಯಲ್ಲಿರಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಕಮ್ಯುನಿಸ್ಟರ ಬೀಡಿ ಯೂನಿಯನ್ನಿನ ಕೆಲಸ ಮಾಡುತ್ತಿದ್ದ ಸೋದರಮಾವನ ಆತ್ಮ ಉಳಿಯಲೆಂದು, ಅವರ ಚೀಲದಲ್ಲಿದ್ದ ಕಾಗದಗಳನ್ನೆಲ್ಲ ನಾನು ಒಲೆಗೆ ಹಾಕಿದೆ.

ಮಾವ ಬಂದು ಬೂದಿ ಕೆದಕಿದರು. “ಬೀಡಿ ಕಟ್ಟುವ ಹೆಂಗಸರ ಅರ್ಜಿ ಮಗಾ. ಎಲ್ಲರ ಹೆಬ್ಬೆಟ್ಟು ಇತ್ತು ಅದರಲ್ಲಿ.”

ಅಜ್ಜಿ ಜಪಸರದಿಂದ ಕಣ್ಣೆತ್ತಿದರು. “ದೇವರನ್ನು ಬಿಟ್ಟವ ತಪ್ಪಾದರೆ ಕ್ಷಮೆ ಕೇಳುವುದು ಯಾರ ಹತ್ತಿರ ಮಾರಾಯ?”

“ಆ ಹೆಂಗಸರ ಹತ್ತಿರ,” ಎಂದ ಮಾವ ನನ್ನ ಕೈ ಹಿಡಿದರು. “ಬಾ, ಕೇಳುವ.”

ಮೊದಲ ಮನೆಯ ಹೆಂಗಸು ಕನ್ಯಾಮಾತೆಯ ಪಟದ ಕೆಳಗೆ ಬೀಡಿ ಕಟ್ಟುತ್ತಿದ್ದಳು. ನಾನು ಅಳುತ್ತಲೇ ಎಲ್ಲ ಹೇಳಿದೆ. ಅವಳು ನನ್ನ ತಲೆ ಸವರಿದಳು. ಆದರೆ ಮಾವ ಹೊಸ ಕಾಗದ ಬಿಚ್ಚಿದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬೇಡ ಅಣ್ಣ. ಇಗರ್ಜಿಯಲ್ಲಿ ಪಾದ್ರಿಗಳು ಯೂನಿಯನ್ನಿಗೆ ಸೇರಬಾರದು ಅಂತ ಹೇಳಿದ ಮೇಲೆ ಇನ್ನೊಮ್ಮೆ ಹೆಬ್ಬೆಟ್ಟು ಒತ್ತಲಿಕ್ಕೆ ಹೆದರಿಕೆ ಆಗ್ತದೆ.”