ಹೆಸರು ತೆಗೆಸಲು ಒಬ್ಬ ಸಾಕ್ಷಿ

ಫೋನು ಮತ್ತೆ ಬಡಿದುಕೊಂಡಿತು. ಬಣ್ಣದ ಅಂಗಡಿಯವನು ಅದನ್ನು ದಿಂಬಿನ ಕೆಳಗೆ ತುರುಕುವಷ್ಟರಲ್ಲಿ, ಎದುರಿಗೆ ಕೂತಿದ್ದ, ಅವನು ಮದುವೆಯಾಗಲಿದ್ದ ಹೆಣ್ಣಿನ ಅಣ್ಣ ಲೋಟ ಕೆಳಗಿಟ್ಟ.

"ಎತ್ತಿ, ಪರವಾಗಿಲ್ಲ," ಅಂದ.

ಎತ್ತದೆ ವಿಧಿಯಿರಲಿಲ್ಲ. ಕೋಣೆ ಚಿಕ್ಕದು, ಆ ಕಡೆಯ ಹುಡುಗಿಯ ದನಿ ದೊಡ್ಡದು.

"ನಮಸ್ಕಾರ ಸರ್, ಅಂಧ ಮಕ್ಕಳ ಶಾಲೆಯಿಂದ. ಅಮ್ಮ ಇದ್ದಾರಾ? ನಮ್ಮ ಹಳೇ ದಾನಿಗಳು ಅವರು."

"ಅವಳು ತೀರ್ಕೊಂಡ್ಲು ಅಂತ ಇನ್ನೆಷ್ಟು ಸಲ ಬಡ್ಕೊಳ್ಳಲಿ?"

"ಹೌದಾ ಸರ್. ಹಾಗಾದ್ರೆ ನಾಳೆ ಮಾಡ್ತೀನಿ."

ಅವನು ಫೋನು ಕುಕ್ಕಿದ. ಹೆಣ್ಣಿನ ಅಣ್ಣನದು ಕನ್ನಡಕದ ಅಂಗಡಿ. ಯಾವುದನ್ನೂ ಒಂದೇ ಸಲ ನೋಡಿ ಬಿಡುವ ಪೈಕಿಯಲ್ಲ. ಹೋದ ವಾರ ಬಾಯ್ತುಂಬ "ಭಾವ" ಎಂದಿದ್ದವನು ಈಗ ಬೇರೆ ರಾಗ ತೆಗೆದ.

"ನೋಡಿ ಇವ್ರೆ, ಸತ್ತೋರನ್ನ ಯಾರಾದ್ರೂ ದಿನಾ ಫೋನಿಗೆ ಕರೀತಾರಾ?"

"ದಾನ ಕೇಳೋರಿಗೆ ಸತ್ತೋರು, ಬದುಕಿರೋರು ಎಲ್ಲ ಒಂದೇ."

"ಮನೇಲಿ ಅವರದ್ದೊಂದು ಫೋಟೋನೂ ಇಲ್ಲ."

"ನೋಡಿದ್ರೆ ಸಂಕಟ ಆಗುತ್ತೆ. ತೆಗೆದಿಟ್ಟೆ."

ಕನ್ನಡಕದವನ ಕಣ್ಣು ಮೂಲೆಗೆ ಹೋಯಿತು. ಹೊಲಿಗೆ ಯಂತ್ರದ ಮರದ ಮುಚ್ಚಳ ಅಲ್ಲಿ ತಲೆಕೆಳಗಾಗಿ ಕೂತಿತ್ತು. ಅದರೊಳಗೆ ಗಟ್ಟಿಯಾದ ಹಳೆಯ ಬ್ರಷ್ಷುಗಳು.

"ಯಂತ್ರ ಎಲ್ಲಿ?"

"ಮಾರಿಬಿಟ್ಟೆ."

"ಮುಚ್ಚಳ ಬಿಟ್ಟು?" ಎನ್ನುತ್ತ ಕನ್ನಡಕದವನು ಎದ್ದ. "ತಂಗಿ ಹತ್ರ ಒಂದು ಮಾತು ಆಡಿ ಹೇಳ್ತೀನಿ."

ಬಣ್ಣದ ಅಂಗಡಿಯವನಿಗೆ ಮೈಯೆಲ್ಲ ಉರಿಯಿತು. ಹಳೆಯ ಊರಿನ ಸಹವಾಸವೇ ಬೇಡವೆಂದು ಇಲ್ಲಿಗೆ ಬಂದು, ಅಂಗಡಿ ಕುದುರಿಸಿ, ಇನ್ನೊಂದು ಸಂಸಾರ ಹೂಡುವ ಹೊತ್ತಿಗೆ ಯಾರೋ ಹುಡುಗಿ ಕಲ್ಲು ಹಾಕುತ್ತಿದ್ದಾಳೆ. ಒಂದು ನಂಬರು ತಡೆದರೆ ಇನ್ನೊಂದರಿಂದ ಮಾಡುತ್ತಾಳೆ. ತನ್ನ ನಂಬರನ್ನೇ ಬದಲಾಯಿಸೋಣವೆಂದರೆ ಅದು ಅಂಗಡಿಯ ಬೋರ್ಡಿನ ಮೇಲಿತ್ತು, ಊರಿನ ಪೇಂಟರುಗಳೆಲ್ಲರ ಬಾಯಲ್ಲಿತ್ತು. ಹೆಂಡತಿಗೆ ಸ್ವಂತ ಫೋನು ಕೊಡಿಸಿರಲಿಲ್ಲವಾದ್ದರಿಂದ ದಾನ ಕೊಡುವಾಗ ಅವಳು ಬರೆಸಿದ್ದು ಇವನ ನಂಬರನ್ನೇ.

ಈ ಶಾಲೆಯವರಿಗೆ ಅವನು ಒಮ್ಮೆ ಬುದ್ಧಿ ಕಲಿಸಿಯೂ ಇದ್ದ. ತನ್ನನ್ನು ಕೇಳದೆ ಹೆಂಡತಿ ಹೊಲಿಗೆಯ ಸಂಪಾದನೆಯನ್ನು ಕುರುಡು ಮಕ್ಕಳಿಗೆ ಕೊಟ್ಟಳೆಂದು ಗೊತ್ತಾದ ದಿನ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋನು ಮಾಡಿಸಿದ್ದ. "ನನಗೆ ತಲೆ ಸರಿ ಇಲ್ಲ, ತಿಳೀದೆ ಕೊಟ್ಟೆ, ವಾಪಸ್ ಕೊಡಿ" ಎಂದು ಅವಳ ಬಾಯಲ್ಲೇ ಹೇಳಿಸಿದ್ದ. ಹಣ ತೆಪ್ಪಗೆ ವಾಪಸ್ಸು ಬಂತು. ಹೆಸರು ಮಾತ್ರ ಅಲ್ಲೇ ಉಳಿಯಿತು.

ಮಾರನೆಯ ದಿನ ಅಂಗಡಿಯಲ್ಲಿ ಫೋನು ಬಂದಾಗ ಅವನು ಕಾದುಕೊಂಡೇ ಕೂತಿದ್ದ.

"ಇಲ್ಲಿ ನನ್ನ ಮದುವೆ ಮಾತು ನಡೀತಿದೆ. ನಿನ್ನಿಂದ ಇದು ಮುರಿದುಬಿದ್ರೆ ನಿನ್ನ ಕೆಲಸ ತೆಗೆಸದೆ ಬಿಡಲ್ಲ."

ಯಾವತ್ತೂ ಪಟಪಟನೆ ಮಾತಾಡುತ್ತಿದ್ದ ಹುಡುಗಿ ಮೊದಲ ಸಲ ತಡವರಿಸಿದಳು.

"ಮದುವೆ... ನಿಮ್ಮದಾ ಸರ್? ಒಂದು ನಿಮಿಷ, ಮೇಡಂನ ಕೇಳ್ತೀನಿ."

ಒಂದು ನಿಮಿಷವಲ್ಲ, ಬಹಳ ಹೊತ್ತೇ ಆಯಿತು. ಮರಳಿ ಬಂದ ದನಿಯಲ್ಲಿ ಎಂದಿನ ವಿನಯವಿತ್ತು.

"ದಾನಿಯೇ ಹೇಳಿದ್ರೆ ಮಾತ್ರ ಹೆಸರು ತೆಗೆಯೋದು ಸರ್, ನಮ್ಮ ಪದ್ಧತಿ. ಆದ್ರೆ ತೀರ್ಕೊಂಡಿದ್ರೆ ಒಂದು ದಾರಿ ಇದೆಯಂತೆ. ಯಜಮಾನರು ಆಫೀಸಿಗೆ ಬಂದು ಸ್ವಂತ ಬಾಯಲ್ಲಿ ಹೇಳ್ಬೇಕು. ಜೊತೆಗೊಬ್ಬ ಸಾಕ್ಷಿ ಬೇಕು. ಹೊಸ ಸಂಬಂಧದ ಕಡೆಯೋರಾದ್ರೂ ಆಗುತ್ತಂತೆ."

ಶಾಲೆಯಿದ್ದದ್ದು ಹಳೆಯ ಊರಿನಲ್ಲಿ, ಅಲ್ಲಿಗೆ ಕಾಲಿಡಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಆಫೀಸು ಊರಾಚೆಗಿತ್ತು. ಹಳೆಯ ಬೀದಿ ತುಳಿಯಬೇಕಿಲ್ಲ, ಹಳೆಯ ನೆರೆಹೊರೆಯವರಿಗೆ ಮುಖ ತೋರಿಸಬೇಕಿಲ್ಲ. ಕನ್ನಡಕದವನ ಎದುರಿಗೇ ಹುಡುಗಿಯ ನೀರಿಳಿಸಿದರೆ ಅವನ ಅನುಮಾನವೂ ಕಳೆಯುತ್ತದೆ, ತನ್ನ ಹೊಟ್ಟೆಯೂ ತಣ್ಣಗಾಗುತ್ತದೆ. ಕರೆದ ಕೂಡಲೇ ಕನ್ನಡಕದವನು ಹೊರಟು ನಿಂತ.

ದಾರಿಯುದ್ದಕ್ಕೂ ಬಣ್ಣದ ಅಂಗಡಿಯವನು ಬೈಗುಳಗಳಿಗೆ ಸಾಣೆ ಹಿಡಿದ. ಇವನು ನಿಜಕ್ಕೂ ಆಫೀಸಿನವರೆಗೆ ಬಂದದ್ದನ್ನು ಕಂಡು ಕನ್ನಡಕದವನ ಮನಸ್ಸೂ ಕರಗಿತು.

"ಸುಮ್ಮನೆ ಅನುಮಾನ ಪಟ್ಟೆ ಭಾವ, ಬೇಜಾರು ಮಾಡ್ಕೋಬೇಡಿ," ಅಂದ ಮೆಟ್ಟಿಲು ಹತ್ತುತ್ತ.

ಆ "ಭಾವ" ಕಿವಿಗೆ ಬಿದ್ದದ್ದೇ ತಡ, ಬಣ್ಣದ ಅಂಗಡಿಯವನ ಎದೆ ಉಬ್ಬಿತು.

ಫೋನಿನ ಹುಡುಗಿ ಬಾಗಿಲ ಬಳಿಯೇ ಕೂತಿದ್ದಳು. ಹೆಜ್ಜೆಯ ಸದ್ದು ಬಂದತ್ತ ಮುಖ ತಿರುಗಿಸಿ, ಮೇಜಿನ ಅಂಚು ತಡವಿಕೊಂಡು ಎದ್ದು ನಿಂತಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅದರಿಂದ ಅವನ ಸಿಟ್ಟೇನೂ ಇಳಿಯಲಿಲ್ಲ.

"ನೀನೇನಾ ಅದು? ಇವತ್ತೇ ಕೊನೆ, ನಾಳೆಯಿಂದ ಮನೇಲಿ ಕೂತ್ಕೋ."

"ಮೇಡಂ ಕಾಯ್ತಿದಾರೆ ಸರ್," ಅಂದಳು ಹುಡುಗಿ. ಅವಳ ತುಟಿಯಲ್ಲಿ ನಗುವಿನಂಥದ್ದೇನೋ ಇತ್ತು.

ಒಳಕೋಣೆಯ ಬಾಗಿಲನ್ನು ಅವನೇ ನೂಕಿದ. ಕಿಟಕಿಯ ಪಕ್ಕದಲ್ಲಿ ಅರ್ಧ ಹೊಲಿದ ಶಾಲಾ ಚೀಲಗಳ ರಾಶಿ. ಅದರ ನಡುವೆ ಒಂದು ಹಳೆಯ ಹೊಲಿಗೆ ಯಂತ್ರ. ಮರದ ಮುಚ್ಚಳವಿಲ್ಲದ್ದರಿಂದ ಅದಕ್ಕೆ ತುಂಡು ಬಟ್ಟೆಗಳನ್ನು ಜೋಡಿಸಿದ ಗವುಸು ಹೊದಿಸಿತ್ತು. ಕನ್ನಡಕದವನು ಯಂತ್ರವನ್ನು ನೋಡಿದ, ಮೇಜಿನ ಹಿಂದಿದ್ದ ಹೆಂಗಸನ್ನು ನೋಡಿದ, ಆಮೇಲೆ ಬಣ್ಣ ಇಳಿದುಹೋದ ಭಾವನ ಮುಖವನ್ನು ನೋಡಿದ.

"ಬನ್ನಿ, ಕೂತ್ಕೊಳ್ಳಿ," ಅಂದಳು ಅವನ ಹೆಂಡತಿ. "ದಿನಾ ಫೋನ್ ಮಾಡಿಸ್ತಿದ್ದದ್ದು ನಾನೇ. ನಾನು ಹೇಗೆ ಸತ್ತೆ ಅನ್ನೋದನ್ನ ಇವರ ಮುಂದೆ ನಿಮ್ಮ ಬಾಯಲ್ಲೇ ಹೇಳಿಬಿಡಿ."